ಗಿಡ ಕಿತ್ತರೆ ಕೆರೆಯ ನೀರು ತಿಳಿಯಾಗುತ್ತದೆಯೇ?

ಪ್ರಶ್ನೆ: ನಮ್ಮೂರ ಕೆರೆಯಲ್ಲಿ ಜನ ಈಜುತ್ತಾರೆ, ದೋಣಿ ನಡೆಸುತ್ತಾರೆ, ಗಾಳ ಹಾಕುತ್ತಾರೆ. ಎರಡು ವರ್ಷಗಳಿಂದ ನೀರಿನೊಳಗೆ ಗಿಡಗಳು ವಿಪರೀತ ಬೆಳೆದಿವೆ. ದಡದಲ್ಲಿ ಜೊಂಡು ಹಬ್ಬಿದೆ. ಎಲ್ಲವನ್ನೂ ಒಮ್ಮೆಗೇ ಕಿತ್ತು ಹಾಕಿಸಿದರೆ ಕೆರೆ ಶುದ್ಧವಾಗುತ್ತದೆಯಲ್ಲವೇ?

ಉತ್ತರ: ಇಲ್ಲ. ದಯವಿಟ್ಟು ಆ ಕೆಲಸ ಮಾಡಿಸಬೇಡಿ.

ಇದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಪ್ರತಿ ಬೇಸಿಗೆಯಲ್ಲೂ ನನ್ನ ಮುಂದೆ ಬರುತ್ತದೆ. ಕೇಳುವವರು ಗಿಡದ ಬಗ್ಗೆ ಅಷ್ಟೆಲ್ಲ ವಿವರಿಸುತ್ತಾರೆ, ನೀರಿನ ಬಣ್ಣ ಹೇಗಿದೆ ಎಂದು ಮಾತ್ರ ಒಬ್ಬರೂ ಬರೆಯುವುದಿಲ್ಲ. ಸ್ವಲ್ಪ ಯೋಚಿಸಿ ನೋಡಿ. ಕೆರೆಯ ತಳದಲ್ಲಿ ಬೇರೂರಿದ ಗಿಡ ಮೇಲೆ ಬರಬೇಕಾದರೆ ತಳದವರೆಗೆ ಬಿಸಿಲು ಇಳಿಯಬೇಕು. ಬಿಸಿಲು ಇಳಿಯಬೇಕಾದರೆ ನೀರು ತಿಳಿಯಾಗಿರಬೇಕು. ಅಂದರೆ ನಿಮ್ಮ ಕೆರೆಯ ನೀರು ಈಗಾಗಲೇ ತಕ್ಕಮಟ್ಟಿಗೆ ತಿಳಿಯಾಗಿದೆ. ನೀವು ಕಿತ್ತು ಹಾಕಲು ಹೊರಟಿರುವುದು ಅದನ್ನು ಹಾಗೆ ಇಟ್ಟಿರುವ ಗಿಡಗಳನ್ನೇ.

ಗಿಡವಿಲ್ಲದ ಕೆರೆಯೇ ಶುದ್ಧ ಕೆರೆ ಎಂಬ ನಂಬಿಕೆ ಎಲ್ಲಿಂದ ಬಂತೋ, ಬಿಡಿಸಲು ಬಲು ಕಷ್ಟ. ಈಜುಕೊಳವನ್ನು ನೋಡಿ ಕೆರೆಯನ್ನು ಅಳೆಯುವ ಅಭ್ಯಾಸವೇ ಇದಕ್ಕೆ ಕಾರಣವಿರಬೇಕು. ಈಜುಕೊಳಕ್ಕೆ ಕ್ಲೋರಿನ್ ಇದೆ, ಸೋಸುವ ಯಂತ್ರವಿದೆ. ಕೆರೆಯಲ್ಲಿ ಆ ಕೆಲಸವನ್ನು ಗಿಡ, ಹುಳು, ಹುಪ್ಪಟೆಗಳೇ ಮಾಡಬೇಕು. ಗಿಡದ ಬೇರು ಹೂಳನ್ನು ಹಿಡಿದಿಡುತ್ತದೆ. ಕಾಂಡ ಮತ್ತು ಎಲೆಗಳು ಅಲೆಯ ಹೊಡೆತವನ್ನು ತಗ್ಗಿಸಿ ತಳದ ಕೆಸರು ಮೇಲೇಳದಂತೆ ತಡೆಯುತ್ತವೆ. ಸಾಸಿವೆ ಕಾಳಿನಷ್ಟು ಚಿಕ್ಕದಾದ ನೀರುಚಿಗಟಗಳು ಹಗಲು ಹೊತ್ತಿನಲ್ಲಿ ಮೀನಿನ ಬಾಯಿಗೆ ಬೀಳದಂತೆ ಈ ಗಿಡಗಳ ನಡುವೆಯೇ ಅಡಗುತ್ತವೆ. ಇವು ನೀರನ್ನು ಸೋಸಿ ಪಾಚಿಯ ಕಣಗಳನ್ನು ತಿನ್ನುತ್ತವೆ. ಅಡಗುತಾಣ ಹೋದರೆ ಚಿಗಟಗಳು ಮೀನಿನ ಪಾಲು, ಪಾಚಿಗೆ ಹಬ್ಬ.

ಗಿಡವನ್ನೆಲ್ಲ ಕಿತ್ತ ಮೇಲೆ ಕೆಲವು ದಿನ ಕೆರೆ ಕನ್ನಡಿಯಂತೆ ಕಾಣಬಹುದು, ಎಲ್ಲರೂ ಸಂತೋಷಪಡುತ್ತಾರೆ. ಆಮೇಲೆ ಗಾಳಿಗೆ ಹೂಳು ಕದಡುತ್ತದೆ. ಗಿಡಗಳೂ ಅವುಗಳ ಮೈಮೇಲೆ ಬೆಳೆಯುತ್ತಿದ್ದ ಜೀವಿಗಳೂ ಹೀರಿಕೊಳ್ಳುತ್ತಿದ್ದ ರಂಜಕವೆಲ್ಲ (ಗಿಡ, ಪಾಚಿಗಳಿಗೆ ಗೊಬ್ಬರವಾಗುವ ಫಾಸ್ಫರಸ್) ತೇಲುವ ಪಾಚಿಯ ಪಾಲಾಗುತ್ತದೆ. ನೀರು ಬಟಾಣಿ ಸಾರಿನ ಬಣ್ಣಕ್ಕೆ ತಿರುಗುತ್ತದೆ. ಹಸಿರು ನೀರಿನಲ್ಲಿ ಬಿಸಿಲು ತಳ ಮುಟ್ಟದ ಕಾರಣ ಗಿಡ ಮತ್ತೆ ಚಿಗುರುವುದಿಲ್ಲ. ಗಿಡವಿಲ್ಲದ ಕಾರಣ ನೀರು ಹಸಿರಾಗಿಯೇ ಉಳಿಯುತ್ತದೆ. ಆಳವಿಲ್ಲದ ಕೆರೆಗಳಿಗೆ ಹೀಗೆ ಎರಡು ಸ್ಥಿತಿಗಳಿವೆ, ಒಂದು ಗಿಡಗಳಿರುವ ತಿಳಿನೀರು, ಇನ್ನೊಂದು ಪಾಚಿ ತುಂಬಿದ ಕಲಕುನೀರು. ಎರಡೂ ತಮ್ಮನ್ನು ತಾವೇ ಉಳಿಸಿಕೊಳ್ಳುತ್ತವೆ ಎಂಬುದನ್ನು ಡಚ್ ವಿಜ್ಞಾನಿ ಮಾರ್ಟೆನ್ ಶೆಫರ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಸ್ಪಷ್ಟವಾಗಿ ವಿವರಿಸಿದರು. ಮೊದಲನೆಯ ಸ್ಥಿತಿಯಿಂದ ಎರಡನೆಯದಕ್ಕೆ ಜಾರುವುದು ಸುಲಭ. ಹಿಂದಿರುಗಲು ಮಾತ್ರ, ಕೆಟ್ಟಾಗ ಇದ್ದ ಮಟ್ಟಕ್ಕಿಂತಲೂ ಬಹಳ ಕೆಳಗೆ ರಂಜಕವನ್ನು ಇಳಿಸಬೇಕಾಗುತ್ತದೆ.

ಆ ಹಸಿರು ಬರೀ ನೋಟದ ತೊಂದರೆಯಲ್ಲ. ನೀಲಿ-ಹಸಿರು ಪಾಚಿಯ ಕೆಲವು ಬಗೆಗಳು ವಿಷವನ್ನು ಉತ್ಪಾದಿಸುತ್ತವೆ. ಬಣ್ಣ ಚೆಲ್ಲಿದಂತೆ ನೀರಿನ ಮೇಲೆ ಕೆನೆಗಟ್ಟಿದ ದಿನ ಮಕ್ಕಳನ್ನು ನೀರಿಗಿಳಿಸಬಾರದು, ನಾಯಿಗೆ ಆ ನೀರು ಕುಡಿಯಲು ಬಿಡಬಾರದು.

ಗಿಡ ತಿನ್ನುವ ಹುಲ್ಲುಗೆಂಡೆ ಮೀನು ಬಿಟ್ಟರೆ ಹೇಗೆ ಎಂದು ಕೇಳುವವರಿಗೂ ಇದೇ ಉತ್ತರ. ಮೀನು ತಿಂದ ಗಿಡದ ರಂಜಕ ಬಹುಪಾಲು ಹಿಕ್ಕೆಯಾಗಿ ನೀರಿಗೇ ಮರಳುತ್ತದೆ. ಮೈಲುತುತ್ತ ಹಾಕಿದರೆ ಪಾಚಿ ಸಾಯುತ್ತದೆ, ನಿಜ. ಸತ್ತ ಪಾಚಿ ಕೊಳೆಯುವಾಗ ಆಮ್ಲಜನಕ ಖಾಲಿಯಾಗಿ ಮೀನುಗಳೂ ಸಾಯಬಹುದು, ತಾಮ್ರ ಹೂಳಿನಲ್ಲಿ ಉಳಿಯುತ್ತದೆ. ಕಾರಂಜಿ ನೋಡಲು ಚೆನ್ನ, ಆದರೆ ಕೆರೆಗೆ ಬಂದು ಸೇರುವ ರಂಜಕವನ್ನು ಅದು ತಡೆಯಲಾರದು.

ಹಾಗಾದರೆ ಈಜುವುದು, ದೋಣಿ ನಡೆಸುವುದು ಹೇಗೆ? ಇದು ನ್ಯಾಯವಾದ ಪ್ರಶ್ನೆ. ಈಜುವ ಜಾಗ ಮತ್ತು ದೋಣಿ ಹೋಗುವ ದಾರಿಯಲ್ಲಿ ಮಾತ್ರ ಗಿಡವನ್ನು ಕತ್ತರಿಸಿ, ಬೇರು ಕೀಳಬೇಡಿ. ಒಟ್ಟಾರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಮುಟ್ಟಬಾರದು ಎಂಬುದು ನನ್ನ ಸಲಹೆ. ಕತ್ತರಿಸಿದ್ದನ್ನು ದಡದಲ್ಲೇ ರಾಶಿ ಹಾಕಿದರೆ ಕೊಳೆತ ರಸ ಮತ್ತೆ ಕೆರೆಗೇ ಇಳಿಯುತ್ತದೆ, ಆದ್ದರಿಂದ ದೂರ ಸಾಗಿಸಿ ಗೊಬ್ಬರ ಮಾಡಿ. ಜೊಂಡಿನಲ್ಲಿ ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಅತ್ತ ಹೋಗಲೇಬೇಡಿ. ಒಂದು ಅಪವಾದವಿದೆ. ನೇರಳೆ ಹೂ ಬಿಟ್ಟು ನೀರಿನ ಮೇಲೆ ಚಾಪೆಯಂತೆ ಹರಡುವ, ದಕ್ಷಿಣ ಅಮೆರಿಕದಿಂದ ಬಂದ ವಾಟರ್ ಹಯಸಿಂತ್ ಎಂಬ ಕಳೆಯನ್ನು ಪೂರ್ತಿ ತೆಗೆಯಿರಿ. ಅನುಕೂಲ ಸಿಕ್ಕರೆ ಅದು ಎರಡು ವಾರದೊಳಗೆ ಇಮ್ಮಡಿಯಾಗುತ್ತದೆ, ಬಿಸಿಲು ಮತ್ತು ಗಾಳಿ ಎರಡನ್ನೂ ಮುಚ್ಚಿಬಿಡುತ್ತದೆ.

ಕಾಸು, ಶ್ರಮ ಎರಡನ್ನೂ ಹಾಕಬೇಕಾದದ್ದು ನೀರು ಒಳಬರುವ ಕಾಲುವೆಗಳ ಬಾಯಿಯಲ್ಲಿ. ಕೆನಡಾದ ಒಂಟಾರಿಯೊದಲ್ಲಿ 1973ರಲ್ಲಿ ಡೇವಿಡ್ ಷಿಂಡ್ಲರ್ ಮತ್ತು ಸಂಗಡಿಗರು ಒಂದು ಸರೋವರದ ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಒಂದು ಕಡೆ ಇಂಗಾಲ ಮತ್ತು ಸಾರಜನಕ ಹಾಕಿದರು, ಇನ್ನೊಂದು ಕಡೆ ಅವುಗಳ ಜೊತೆಗೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಭಾಗ ಹಸಿರಾಯಿತು, ಪರದೆಯ ಆಚೆಗಿನ ಭಾಗ ಹಾಗಾಗಲಿಲ್ಲ. ಆಕಾಶದಿಂದ ತೆಗೆದ ಆ ಚಿತ್ರವನ್ನು ಪ್ರತಿ ಕೆರೆ ಸಮಿತಿಯ ಗೋಡೆಯ ಮೇಲೆ ತೂಗುಹಾಕಬೇಕು ಎಂದು ನನಗೆ ಆಸೆ. ಕೊಳಚೆ ನೀರು, ಹುಲ್ಲುಹಾಸಿನ ಗೊಬ್ಬರ, ಕೊಚ್ಚಿಬಂದ ಮಣ್ಣು, ಬಾತುಗಳಿಗೆ ಚೆಲ್ಲಿದ ಬ್ರೆಡ್ಡು, ಎಲ್ಲದರಲ್ಲೂ ರಂಜಕವಿದೆ. ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ಸರೋವರಕ್ಕೆ ಬೀಳುತ್ತಿದ್ದ ಸಂಸ್ಕರಿಸಿದ ಕೊಳಚೆ ನೀರನ್ನು 1963ರಿಂದ 1968ರವರೆಗೆ ಹಂತ ಹಂತವಾಗಿ ಬೇರೆಡೆಗೆ ತಿರುಗಿಸಿದರು. ಒಂದು ಮೀಟರಿನ ಆಸುಪಾಸಿನಲ್ಲಿದ್ದ ಬೇಸಿಗೆಯ ನೀರಿನ ಪಾರದರ್ಶಕತೆ ಮುಂದಿನ ವರ್ಷಗಳಲ್ಲಿ ಏರುತ್ತಾ ಹೋಯಿತು. 1976ರಲ್ಲಿ ಅಲ್ಲಿ ನೀರುಚಿಗಟಗಳು ಹೆಚ್ಚಿದ ಮೇಲೆ ನೀರು ಇನ್ನೂ ತಿಳಿಯಾಯಿತು.

ಈ ಪಾರದರ್ಶಕತೆಯನ್ನು ಅಳೆಯುವುದು ಹೇಗೆ ಎಂದು ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ನನ್ನ ಮಟ್ಟಿಗೆ ಇದೇ ಮೊದಲು ಕೇಳಬೇಕಾದ ಪ್ರಶ್ನೆ. 1865ರಲ್ಲಿ ಇಟಲಿಯ ಪಾದ್ರಿ ಮತ್ತು ಖಗೋಳಶಾಸ್ತ್ರಜ್ಞ ಆಂಜೆಲೊ ಸೆಕ್ಕಿ ಸಮುದ್ರದಲ್ಲಿ ಬಿಳಿ ತಟ್ಟೆಯನ್ನು ಇಳಿಬಿಟ್ಟು ಅದು ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೆ ಎಂದು ಅಳೆದರು. ಇಂದಿಗೂ ಕೆರೆಗಳಲ್ಲಿ ಅದೇ ವಿಧಾನ ನಡೆಯುತ್ತದೆ. 20 ಸೆಂಟಿಮೀಟರ್ ಅಗಲದ ದುಂಡು ತಟ್ಟೆಯನ್ನು ನಾಲ್ಕು ಭಾಗ ಮಾಡಿ ಕಪ್ಪು, ಬಿಳಿ ಬಣ್ಣ ಬಳಿಯಿರಿ. ಕೆಳಗೆ ಭಾರ ಕಟ್ಟಿ, ಗುರುತು ಹಾಕಿದ ಹಗ್ಗದಲ್ಲಿ ಇಳಿಬಿಡಿ. ಮರೆಯಾದ ಆಳವನ್ನೂ ಮೇಲೆತ್ತುವಾಗ ಮತ್ತೆ ಕಂಡ ಆಳವನ್ನೂ ಕೂಡಿಸಿ ಅರ್ಧ ಮಾಡಿ. ದೋಣಿಯ ನೆರಳಿರುವ ಬದಿಯಲ್ಲಿ, ನಡುಹಗಲಿನ ಆಸುಪಾಸಿನಲ್ಲಿ, ಪ್ರತಿ ಸಲವೂ ಅದೇ ಜಾಗದಲ್ಲಿ, ಆದಷ್ಟೂ ಅದೇ ವ್ಯಕ್ತಿ ನೋಡಬೇಕು. ಹೈಸ್ಕೂಲಿನ ಮಕ್ಕಳು ಇದನ್ನು ಅಚ್ಚುಕಟ್ಟಾಗಿ ಮಾಡುವುದನ್ನು ನಾನು ಹೆಮ್ಮೆಯಿಂದ ನೋಡಿದ್ದೇನೆ.

ಎರಡು ವಾರಕ್ಕೊಮ್ಮೆ ಒಂದು ವರ್ಷ ಅಳೆದು, ದಿನಾಂಕದ ಜೊತೆಗೆ ಹಿಂದಿನ ದಿನ ಮಳೆಯಾಗಿತ್ತೇ ಎಂಬುದನ್ನೂ ಬರೆದಿಡಿ. ಆ ಪುಸ್ತಕದ ಲೆಕ್ಕಗಳನ್ನು ನನಗೆ ಕಳುಹಿಸಿ. ಯಾವ ದಾರಿಯ ಗಿಡ ಕತ್ತರಿಸಬೇಕು, ಯಾವ ಕಾಲುವೆಯನ್ನು ಮೊದಲು ಸರಿಪಡಿಸಬೇಕು ಎಂದು ಆಗ ಕೂತು ಮಾತನಾಡೋಣ.