ಕೋಟಾ ಹೆಚ್ಚಿಸಿದರೆ ಪಾಡ್ ಬದುಕುವುದಿಲ್ಲ

ಕಂಟೇನರ್‌ಗಳನ್ನು (ಪ್ಯಾಕ್ ಮಾಡಿದ ಅಪ್ಲಿಕೇಶನ್‌ಗಳನ್ನು) ಹಲವು ಯಂತ್ರಗಳಲ್ಲಿ ಓಡಿಸುವ ಕುಬರ್ನೆಟಿಸ್ ನೋಡಿಕೊಳ್ಳುವವರಿಗೆ ‘ಪಾಡ್ ಓಓಎಂ ಕಿಲ್ಡ್ ಆಗ್ತಿದೆ, ಕೋಟಾ ಸ್ವಲ್ಪ ಜಾಸ್ತಿ ಮಾಡಿಕೊಡಿ’ ಎಂಬ ಟಿಕೆಟ್ ತಪ್ಪದೆ ಬರುತ್ತಲೇ ಇರುತ್ತದೆ. ಪಾಡ್ ಎಂದರೆ ಒಂದೋ ಹಲವೋ ಕಂಟೇನರ್‌ಗಳು ಒಟ್ಟಿಗೆ ಓಡುವ ಘಟಕ; ಓಓಎಂ ಕಿಲ್ಡ್ ಎಂದರೆ ಮೆಮೊರಿ ಸಾಲದೆ ಸತ್ತದ್ದು; ಕೋಟಾ ಎಂದರೆ ಒಂದು ನೇಮ್‌ಸ್ಪೇಸಿಗೆ (ಕ್ಲಸ್ಟರಿನ ಒಂದು ವಿಭಾಗಕ್ಕೆ) ಒಟ್ಟಾರೆ ಹಾಕಿದ ಮಿತಿ. ಜಾಸ್ತಿ ಮಾಡಿಕೊಟ್ಟರೂ ಪಾಡ್ ಮತ್ತೆ ಸಾಯುತ್ತದೆ. ಕುಬರ್ನೆಟಿಸ್‌ನಲ್ಲಿ ಕೋಟಾ ಯಾರನ್ನೂ ಕೊಲ್ಲುವುದಿಲ್ಲ. ಪಾಡ್ ಸೃಷ್ಟಿಯಾಗುವಾಗ ಎಪಿಐ ಸರ್ವರ್ (ಕೋರಿಕೆಗಳೆಲ್ಲ ಮೊದಲು ತಲುಪುವ ಭಾಗ) ಯಾಮಲ್ ಫೈಲಿನಲ್ಲಿ (ಪಾಡ್‌ಗೆ ಏನು ಬೇಕೆಂದು ಬರೆಯುವ ಫೈಲ್) ಬರೆದ ಅಂಕಿಗಳನ್ನು ಕೂಡಿ ನೋಡುತ್ತದೆ, ನೇಮ್‌ಸ್ಪೇಸಿನ ಕೋಟಾ ಮೀರಿದರೆ ಬಾಗಿಲಲ್ಲೇ ತಡೆಯುತ್ತದೆ. ನಿಜಕ್ಕೂ ಎಷ್ಟು ಮೆಮೊರಿ ಬಳಕೆಯಾಗುತ್ತಿದೆ ಎಂಬುದು ಅದಕ್ಕೆ ಬೇಕಿಲ್ಲ. ಓಡುತ್ತಿರುವ ಕಂಟೇನರ್ ತನ್ನ ಲಿಮಿಟ್ (ಅದಕ್ಕೆ ಹಾಕಿದ ಮೆಮೊರಿ ಮಿತಿ) ಮುಟ್ಟಿ, ಬಿಡಿಸಿಕೊಳ್ಳಲು ಮೆಮೊರಿ ಉಳಿಯದಿದ್ದಾಗ ಕೊಲ್ಲುವುದು ಲಿನಕ್ಸ್ ಕರ್ನಲ್.

ಹಾಗಾಗಿ ಮೊದಲು ಒಂದೇ ಪ್ರಶ್ನೆ: ಪಾಡ್ ಇದೆಯೋ ಇಲ್ಲವೋ? ಪಾಡ್ ಇದ್ದು ರೀಸ್ಟಾರ್ಟ್ ಎಣಿಕೆ ಏರುತ್ತಿದ್ದರೆ ಕೋಟಾ ಸುದ್ದಿ ಬಿಡಿ. ಪಾಡೇ ಇಲ್ಲದಿದ್ದರೆ ಪಾಡ್‌ನ ಪ್ರತಿಗಳನ್ನು (ರೆಪ್ಲಿಕಾ) ಸೃಷ್ಟಿಸುವ ರೆಪ್ಲಿಕಾಸೆಟ್‌ನ ಇವೆಂಟ್ ನೋಡಿ, ತಡೆದ ಕಾರಣ ಅಲ್ಲಿರುತ್ತದೆ; ಎಲ್ಲರೂ ಅದರ ಮೇಲಿನ ಡಿಪ್ಲಾಯ್‌ಮೆಂಟ್ ಡಿಸ್ಕ್ರೈಬ್ ಮಾಡಿ ‘ಎರರ್ ಏನೂ ಇಲ್ಲ’ ಎನ್ನುತ್ತಾರೆ. ತಲಾ 1 ಜಿಬಿ ಲಿಮಿಟ್‌ನ 3 ರೆಪ್ಲಿಕಾ, ಲಿಮಿಟ್ ಮೇಲೆ 3 ಜಿಬಿ ಕೋಟಾ ಎಂದಿಟ್ಟುಕೊಳ್ಳಿ. ಹೊಸ ಆವೃತ್ತಿ ಬಿಟ್ಟಾಗ ಮ್ಯಾಕ್ಸ್ ಸರ್ಜ್‌ನ (ತಾತ್ಕಾಲಿಕವಾಗಿ ಎಷ್ಟು ಹೆಚ್ಚುವರಿ ಪಾಡ್ ಇರಬಹುದು) ಡಿಫಾಲ್ಟ್ 25% ಮೇಲಕ್ಕೆ ಸರಿದು 1 ಆಗುತ್ತದೆ, ಮ್ಯಾಕ್ಸ್ ಅನ್‌ಅವೈಲಬಲ್‌ನ (ಎಷ್ಟು ಪಾಡ್ ಕಡಿಮೆಯಾಗಬಹುದು) 25% ಕೆಳಕ್ಕೆ ಸರಿದು 0 ಆಗುತ್ತದೆ. ನಾಲ್ಕನೆಯ ಪಾಡ್‌ಗೆ ಕೋಟಾದಲ್ಲಿ ಜಾಗವಿಲ್ಲ, ಹಳೆಯದನ್ನು ತೆಗೆಯುವಂತಿಲ್ಲ. ಬಳಕೆ ತಲಾ 300 ಎಂಬಿ ಇದ್ದರೂ ರೋಲ್‌ಔಟ್ ಅಲ್ಲೇ ನಿಲ್ಲುತ್ತದೆ. ಇಂಥಲ್ಲಿ ಕೋಟಾ ಕೇಳಿ, ನ್ಯಾಯವಿದೆ.

ಎಕ್ಸಿಟ್ ಕೋಡ್ (ಪ್ರೊಸೆಸ್ ಮುಗಿದಾಗ ಬಿಟ್ಟುಹೋಗುವ ಸಂಖ್ಯೆ) 137 ಕಂಡೊಡನೆ ಮೆಮೊರಿ ಎಂದು ತೀರ್ಮಾನಿಸಬೇಡಿ. ಅದು 128ಕ್ಕೆ, ಬಲವಂತವಾಗಿ ಕೊಲ್ಲುವ ಸಿಗ್ನಲ್ ಆದ ಸಿಗ್‌ಕಿಲ್‌ನ 9 ಸೇರಿದ ಸಂಖ್ಯೆ, ಅಷ್ಟೇ. ಲೈವ್‌ನೆಸ್ ಪ್ರೋಬ್ (ಕಂಟೇನರ್ ಜೀವಂತವಿದೆಯೇ ಎಂಬ ತಪಾಸಣೆ) ಸೋತು, ಪ್ರೊಸೆಸ್ 30 ಸೆಕೆಂಡಿನ ಡಿಫಾಲ್ಟ್ ಗಡುವಿನಲ್ಲಿ ನಿಲ್ಲದಿದ್ದರೂ 137 ಬರುತ್ತದೆ. ಪಾಡ್ ಡಿಸ್ಕ್ರೈಬ್ ಮಾಡಿ, ಲಾಸ್ಟ್ ಸ್ಟೇಟ್‌ನ ಕೆಳಗೆ ರೀಸನ್ ಏನಿದೆ, ಓದಿ.

ಜಾವಾದವರಿಗೆ ಒಂದು ಮಾತು: 1 ಜಿಬಿ ಲಿಮಿಟ್‌ಗೆ 1 ಜಿಬಿ ಹೀಪ್ (ಜಾವಾ ಆಬ್ಜೆಕ್ಟ್‌ಗಳಿಗೆ ಮೀಸಲಾದ ಮೆಮೊರಿ) ಕೊಡಬೇಡಿ. ಮೆಟಾಸ್ಪೇಸ್, ಥ್ರೆಡ್ ಸ್ಟ್ಯಾಕ್, ಡೈರೆಕ್ಟ್ ಬಫರ್ ಹೀಗೆ ಜಾವಾ ಮೆಮೊರಿ ಬಳಸುವ ಉಳಿದ ಭಾಗಗಳೆಲ್ಲ ಹೀಪ್‌ನ ಹೊರಗಿವೆ, ಆದರೆ ಲಿಮಿಟ್‌ನ ಲೆಕ್ಕಕ್ಕೆ ಸೇರುತ್ತವೆ. ಸಾಮಾನ್ಯವಾಗಿ ಹೀಪ್‌ಗೆ ಲಿಮಿಟ್‌ನ 70–75% ಸಾಕು. ಥ್ರೆಡ್ ಹೆಚ್ಚಿದ್ದರೆ ಇನ್ನೂ ಇಳಿಸಬೇಕಾದೀತು. ಹೀಪ್ ತುಂಬಿದರೆ ಜಾವಾ ತಾನೇ ಲಾಗ್‌ನಲ್ಲಿ ಎಕ್ಸೆಪ್ಶನ್ ಬರೆಯಬಹುದು. ಕರ್ನಲ್ ಕೊಂದರೆ ಅದರ ಬಗ್ಗೆ ಅಪ್ಲಿಕೇಶನ್ ಲಾಗ್‌ನಲ್ಲಿ ಒಂದು ಅಕ್ಷರವೂ ಇರುವುದಿಲ್ಲ.

‘ನಾವು ಲಿಮಿಟ್ ಹಾಕಿಯೇ ಇಲ್ಲ’ ಎನ್ನುವವರು ಗಿಟ್‌ನಲ್ಲಿರುವ ಫೈಲ್ ತೋರಿಸುತ್ತಾರೆ. ನೇಮ್‌ಸ್ಪೇಸಿನಲ್ಲಿ ಲಿಮಿಟ್‌ರೇಂಜ್ (ಪ್ರತಿ ಕಂಟೇನರ್‌ನ ಮಿತಿಗಳನ್ನು ನಿಗದಿ ಮಾಡುವ ನಿಯಮ) ಇದ್ದರೆ ಅದು ಡಿಫಾಲ್ಟ್ ಲಿಮಿಟನ್ನು ಸದ್ದಿಲ್ಲದೆ ಸೇರಿಸಿರಬಹುದು. ಕ್ಲಸ್ಟರಿನಲ್ಲಿ ಓಡುತ್ತಿರುವ ಪಾಡ್‌ನ ಯಾಮಲ್ ತೆಗೆದು ನೋಡಿ.