ಎರಡೇ ಪಂದ್ಯಕ್ಕೆ ಮೋಸ್ ಸಾಲಮನ್ ಆಟ ಯಾಕೆ ಮುಗಿಯಿತು?

ಪ್ರಶ್ನೆ: ಹಳೆಯ ಯಹೂದಿ ಬೇಸ್‌ಬಾಲ್ ಆಟಗಾರ ಮೋಸ್ ಸಾಲಮನ್ ಅವರ ಮೇಜರ್ ಲೀಗ್ (ಅಮೆರಿಕದ ಅತ್ಯುನ್ನತ ಮಟ್ಟದ ಬೇಸ್‌ಬಾಲ್) ಸರಾಸರಿ .375 ಅಂತ ಓದಿದೆ. ಅಷ್ಟು ಚೆನ್ನಾಗಿ ಆಡಿದವರಿಗೆ ಎರಡೇ ಪಂದ್ಯ ಯಾಕೆ?

ಉತ್ತರ: ಮೊದಲು ಆ ಸರಾಸರಿ ನೋಡೋಣ. ಕ್ರಿಕೆಟ್ ನೋಡಿ ಬೆಳೆದ ನಮಗೆ ಅದು ಗೊಂದಲವೇ. ಎಂಟು ಅವಕಾಶದಲ್ಲಿ ಮೂರು ಹಿಟ್, ಅಂದರೆ ಮೂರು ಸಲ ಚೆಂಡು ಹೊಡೆದು ಔಟಾಗದೆ ಬೇಸ್ ತಲುಪಿದ್ದು. ಮೂರನ್ನು ಎಂಟರಿಂದ ಭಾಗಿಸಿದರೆ.375. ಬೇಸ್‌ಬಾಲ್‌ನಲ್ಲಿ .300 ದಾಟಿದರೇ ಒಳ್ಳೆ ಬ್ಯಾಟರ್. ಆದರೆ ಎಂಟೇ ಅವಕಾಶದಲ್ಲಿ ಏನು ತಿಳಿಯುತ್ತದೆ? ಅವರ ತೋಳಿನ ಶಕ್ತಿ ಕಂಡದ್ದು ಆ ಎರಡು ಪಂದ್ಯ ಆಡಿದ 1923ರಲ್ಲೇ, ಕಾನ್ಸಾಸ್‌ನ ಹಚಿನ್‌ಸನ್ ಊರಿನ ಮೈನರ್ ಲೀಗ್ (ಕೆಳಹಂತದ ಲೀಗ್) ತಂಡದಲ್ಲಿ. ಅಲ್ಲಿ 49 ಹೋಮ್ ರನ್ (ನಮ್ಮ ಸಿಕ್ಸರ್ ಥರದ ಹೊಡೆತ) ಹೊಡೆದರು, ಸರಾಸರಿ .421!

ಆಗ ನ್ಯೂಯಾರ್ಕ್ ಜೈಂಟ್ಸ್ ಮ್ಯಾನೇಜರ್ ಜಾನ್ ಮೆಗ್ರಾ ಇಂಥ ಯಹೂದಿ ಆಟಗಾರನನ್ನೇ ಹುಡುಕುತ್ತಿದ್ದರು. ಆ ವರ್ಷ ಏಪ್ರಿಲ್‌ನಲ್ಲಿ ಹಾರ್ಲೆಮ್ ನದಿಯ ಆಚೆ, ಅದೇ ನಗರದ ಯಾಂಕೀಸ್ ತಂಡದ ಹೊಸ ಸ್ಟೇಡಿಯಂ ತೆರೆದಿತ್ತು. ಯಾಂಕೀಸ್‌ನ ತಾರೆ ಬೇಬ್ ರೂತ್ ಆಟ ನೋಡಲು ಜನ ಅಲ್ಲಿಗೆ ಮುಗಿಬೀಳುತ್ತಿದ್ದರು. ನಗರದ ತುಂಬ ಯಹೂದಿ ಕುಟುಂಬಗಳು. ತಮ್ಮವನೊಬ್ಬ ಆಡಿದರೆ ನೋಡಲು ಬರುವುದಿಲ್ವಾ? ರೂತ್‌ಗೆ 'ಸುಲ್ತಾನ್ ಆಫ್ ಸ್ವ್ಯಾಟ್' ಎಂಬ ಬಿರುದಿತ್ತು, ಅಂದರೆ ಬಾರಿಸುವುದರಲ್ಲಿ ಸುಲ್ತಾನ. ಸಾಲಮನ್ ಅವರನ್ನು 'ರಬೈ ಆಫ್ ಸ್ವ್ಯಾಟ್' ಎಂದರು. ರಬೈ ಅಂದರೆ ಯಹೂದಿ ಧರ್ಮಗುರು. 22 ವರ್ಷದ ಹುಡುಗನ ಹೆಗಲಿಗೆ ಅದು ಜಾಸ್ತಿ ಭಾರ ಅಂತಲೇ ನನಗನಿಸುತ್ತದೆ.

ಸೆಪ್ಟೆಂಬರ್ 30ರಂದು ಜೈಂಟ್ಸ್ ತಂಡದ ಮೈದಾನ ಪೋಲೊ ಗ್ರೌಂಡ್ಸ್‌ನಲ್ಲಿ ಮೊದಲ ಪಂದ್ಯ. ಹತ್ತನೇ ಇನಿಂಗ್ಸ್‌ನಲ್ಲಿ ಸಾಲಮನ್ ಹೊಡೆದ ಡಬಲ್‌ನಿಂದಲೇ (ಎರಡನೇ ಬೇಸ್‌ವರೆಗೆ ಓಡಿಸುವ ಹಿಟ್) ತಂಡ ಗೆದ್ದಿತು. ಅವರಂಥ ಎಡಗೈ ಬ್ಯಾಟರ್‌ಗೆ ಅದು ಹೇಳಿ ಮಾಡಿಸಿದ ಮೈದಾನ. ಎಡಗೈಯವರ ಜೋರು ಹೊಡೆತ ಹೋಗುವ ಬಲಗಡೆ ಗೆರೆಯ ತುದಿಯ ಗೋಡೆ 79 ಮೀಟರ್ ದೂರವೂ ಇರಲಿಲ್ಲ.

ಹಾಗಾದರೆ ತೊಡಕೇನು? ಒಂದು, ಫೀಲ್ಡಿಂಗ್. ಕೈಗೆ ಬಂದ ಚೆಂಡು ನಿಲ್ಲುತ್ತಿರಲಿಲ್ಲ. ಬರೀ ಬ್ಯಾಟ್ ಬೀಸಿ ಕೂರುವ ಸ್ಥಾನ ಆಗ ಬೇಸ್‌ಬಾಲ್‌ನಲ್ಲಿ ಇರಲೇ ಇಲ್ಲ. ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ಗೆ ಅದು ಬಂದದ್ದು 1973ರಲ್ಲಿ. ಇನ್ನೊಂದು, ದುಡ್ಡು. ವರ್ಷದ ಕೊನೆಯ ಫೈನಲ್ ಸರಣಿ ವರ್ಲ್ಡ್ ಸೀರೀಸ್ ಮುಗಿಯುವವರೆಗೂ ತಂಡದ ಜೊತೆ ಇರು ಅಂತ ಮೆಗ್ರಾ ಹೇಳಿದರು. ಆಡುವ ಅವಕಾಶವಿಲ್ಲ, ಕೂತದ್ದಕ್ಕೆ ಸಂಬಳವೂ ಇಲ್ಲ. ಸಾಲಮನ್‌ಗೋ ಅಮೆರಿಕನ್ ಫುಟ್‌ಬಾಲ್ ಆಡಿ ನಾಲ್ಕು ಕಾಸು ಸಂಪಾದಿಸುವ ದಾರಿ ಕಾದಿತ್ತು. ಹೊರಟೇಬಿಟ್ಟರು. ಮೆಗ್ರಾ ಮತ್ತೆ ಕರೆಯಲಿಲ್ಲ.

ಆಮೇಲೆ ಕೆಲವು ವರ್ಷ ಮೈನರ್ ಲೀಗ್‌ಗಳಲ್ಲಿ ಆಡಿ, ಮಯಾಮಿಯಲ್ಲಿ ನೆಲೆಸಿದರು. ತೀರಿಕೊಂಡದ್ದು 1966ರಲ್ಲಿ. ಮೇಜರ್ ಲೀಗ್ ದಾಖಲೆಯಲ್ಲಿ ಅವರ ಹೆಸರಿನ ಮುಂದೆ ಎರಡು ಪಂದ್ಯ, ಮೂರು ಹಿಟ್ ಇವೆ. ಹೋಮ್ ರನ್ ಕಾಲಂನಲ್ಲಿ ಸೊನ್ನೆ.