ಟೈಮಿಂಗ್ ಚೈನ್ ಸದ್ದು: ಟೆನ್ಷನರ್ ಬದಲಿಸುವ ಮುನ್ನ

ಮುಂಜಾನೆ ಮೊದಲ ಕಿಕ್‌ಗೆ ಬೈಕ್ ಎಂಜಿನ್‌ನಿಂದ ಕರಕರ ಸದ್ದು ಬಂದು, ಎರಡು ನಿಮಿಷಕ್ಕೆ ತಾನಾಗಿಯೇ ನಿಂತುಹೋದರೆ ನಮ್ಮ ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಬಹಳಷ್ಟು ಜನ ಗಾಡಿಯನ್ನು ಹಾಗೆಯೇ ಓಡಿಸುತ್ತಾರೆ. ಸುಗ್ಗಿ ಮುಗಿಯಲಿ, ಆಮೇಲೆ ನೋಡಿದರಾಯಿತು ಎಂಬ ಲೆಕ್ಕ. ಆ ಲೆಕ್ಕ ತಪ್ಪಿದ ಗಾಡಿಗಳ ಹೆಡ್ (ಎಂಜಿನ್‌ನ ಮೇಲ್ಭಾಗ) ಬಿಚ್ಚುವುದು ನನ್ನ ಕೆಲಸ. ಬಾಗಿದ ವಾಲ್ವ್ (ಗಾಳಿ-ಪೆಟ್ರೋಲ್ ಒಳಬಿಟ್ಟು ಹೊಗೆ ಹೊರಬಿಡುವ ಬಾಗಿಲು), ಅದು ಬಡಿದು ಅರ್ಧಚಂದ್ರದ ಗಾಯವಾದ ಪಿಸ್ಟನ್ ಕೈಯಲ್ಲಿ ಹಿಡಿದು ಮಾಲೀಕನಿಗೆ ತೋರಿಸುವಾಗ ನಿಜಕ್ಕೂ ಸಂಕಟವಾಗುತ್ತದೆ. ಕೆಲವು ನೂರು ರೂಪಾಯಿಯಲ್ಲಿ ಮುಗಿಯಬಹುದಾಗಿದ್ದ ಕೆಲಸ ಸಾವಿರಗಳಿಗೆ ಹೋಗಿರುತ್ತದೆ, ಅದೂ ಗಾಡಿ ಇಲ್ಲದೆ ಒಂದು ದಿನವೂ ನಡೆಯದ ಸಮಯದಲ್ಲಿ.

ಟೈಮಿಂಗ್ ಚೈನ್ ಎಂಜಿನ್ ಒಳಗೆ, ಪಿಸ್ಟನ್ ತಿರುಗಿಸುವ ಕ್ರ್ಯಾಂಕಿನಿಂದ ಹೆಡ್‌ನಲ್ಲಿದ್ದು ವಾಲ್ವ್ ತೆರೆಯುವ ಕ್ಯಾಮ್‌ಗೆ ಹೋಗುವ ಸಣ್ಣ ಚೈನ್. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು ತಿರುಗಬೇಕು. ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುವಾಗ ಒಂದೊಂದು ವಾಲ್ವ್ 2000 ಸಲ, ಅಂದರೆ ಸೆಕೆಂಡಿಗೆ ಸುಮಾರು 33 ಸಲ ತೆರೆದು ಮುಚ್ಚುತ್ತದೆ. ಪಿಸ್ಟನ್ ಮೇಲೆ ಬರುವಷ್ಟರಲ್ಲಿ ವಾಲ್ವ್ ದಾರಿ ಬಿಡಬೇಕು. ಈ ಹೊಂದಾಣಿಕೆ ಕಾಯುವುದು ಈ ಒಂದು ಚೈನ್. ಅದರ ಒಂದು ಬದಿ ಎಳೆತದಲ್ಲಿರುತ್ತದೆ, ಇನ್ನೊಂದು ಬದಿ ಸಡಿಲವಾಗಿರುತ್ತದೆ. ನೊಗದ ಮಿಣಿ ಸಡಿಲಾದ ಬಂಡಿಯಲ್ಲಿ ಎತ್ತು ಹೆಜ್ಜೆ ಇಟ್ಟ ಮೇಲೆ ಒಂದು ಕ್ಷಣ ತಡೆದು ಬಂಡಿ ಧಡಕ್ಕನೆ ಜಗ್ಗುತ್ತದಲ್ಲ, ಸಡಿಲ ಚೈನ್ ಕ್ಯಾಮನ್ನು ಜಗ್ಗುವುದೂ ಹಾಗೆಯೇ. ಆ ಸಡಿಲವನ್ನು ನುಂಗುವುದಕ್ಕೆ ಟೆನ್ಷನರ್ ಇದೆ. ರಬ್ಬರ್ ಅಥವಾ ಪ್ಲಾಸ್ಟಿಕ್ ಮೈಯಿರುವ ಬಾಗಿದ ಪಟ್ಟಿಯನ್ನು, ಕೆಲವು ಎಂಜಿನ್‌ಗಳಲ್ಲಿ ರೋಲರ್ ಇರುವ ತೋಳನ್ನು, ಅದು ಚೈನ್‌ಗೆ ಒತ್ತಿ ಹಿಡಿಯುತ್ತದೆ. ಚೈನ್ ಸವೆದು ಉದ್ದವಾದಷ್ಟೂ ಟೆನ್ಷನರ್ ಮುಂದಕ್ಕೆ ಚಾಚುತ್ತದೆ. ಚಾಚುವುದಕ್ಕೆ ಒಂದು ಮಿತಿ ಇದೆ. ಆ ಮಿತಿ ಮುಟ್ಟಿದ ಮೇಲೆ ಹೊಸ ಟೆನ್ಷನರ್ ಹಾಕಿದರೂ ಅದಕ್ಕೆ ಮಾಡಲು ಏನೂ ಉಳಿದಿರುವುದಿಲ್ಲ. ಚೈನ್‌ನದೇ ಆಯಸ್ಸು ಮುಗಿದಿರುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹಳೆಯ ಬುಲೆಟ್ ತಂದು ‘ಟೈಮಿಂಗ್ ಚೈನ್ ಸೌಂಡ್ ಐತ್ರಿ’ ಅನ್ನುವವರಿದ್ದಾರೆ. ಆ ಎಂಜಿನ್‌ನಲ್ಲಿ ಕ್ಯಾಮ್ ತಿರುಗುವುದು ಗೇರ್‌ನಿಂದ, ವಾಲ್ವ್ ತೆರೆಯುವುದು ಪುಷ್‌ರಾಡ್ ಎಂಬ ಉದ್ದ ಕಡ್ಡಿಯಿಂದ. ಈ ಚೈನೇ ಅದರಲ್ಲಿಲ್ಲ. 2020ರಲ್ಲಿ ಅದೇ ಕಂಪನಿಯ ಮೀಟಿಯೋರ್ 350 ಜೊತೆ ಬಂದ ಎಂಜಿನ್‌ನಲ್ಲಿ ಇದೆ. ಆರ್‌ಎಕ್ಸ್ 100ರಂಥ ಟೂ-ಸ್ಟ್ರೋಕ್ ಗಾಡಿಗಳಿಗೆ ಹೆಡ್‌ನಲ್ಲಿ ಇಂಥ ವಾಲ್ವೂ ಇಲ್ಲ, ಕ್ಯಾಮೂ ಇಲ್ಲ.

ಸದ್ದು ಎಲ್ಲಿಂದ ಬರುತ್ತಿದೆ ಎಂದು ಗುರುತಿಸುವುದೇ ಅರ್ಧ ಕೆಲಸ. ನ್ಯೂಟ್ರಲ್‌ನಲ್ಲಿ ಗಾಡಿ ಚಾಲೂ ಇಟ್ಟು ಕ್ಲಚ್ ಹಿಡಿಯಿರಿ. ಸದ್ದು ಬದಲಾದರೆ ಕ್ಲಚ್ ಕಡೆ ನೋಡಬೇಕು. ಟ್ಯಾಪೆಟ್ (ಕ್ಯಾಮ್ ಮತ್ತು ವಾಲ್ವ್ ನಡುವಿನ ಸಂದು ಹೊಂದಿಸುವ ಸ್ಕ್ರೂ) ಸದ್ದು ಲಯ ತಪ್ಪದ ಟಿಕ್ ಟಿಕ್, ಹೆಡ್‌ನ ಮೇಲಿನಿಂದ ಬರುತ್ತದೆ. ಬಿಗ್ ಎಂಡ್ (ಪಿಸ್ಟನ್ ರಾಡ್ ಕ್ರ್ಯಾಂಕಿಗೆ ಕೂಡುವ ಬೇರಿಂಗ್) ಹೋಗಿದ್ದರೆ ಲೋಡ್ ಬಿದ್ದಾಗ ಆಳದಿಂದ ಟಕ್ ಟಕ್ ಅನ್ನುತ್ತದೆ. ಟೈಮಿಂಗ್ ಚೈನ್ ಸದ್ದಿಗೆ ಇಂಥ ಲಯ ಇರುವುದಿಲ್ಲ. ಕರಕರ, ಚರಚರ ಎಂದು ಒಡೆದು ಒಡೆದು ಬರುತ್ತದೆ. ಆಕ್ಸಿಲರೇಟರ್ ತಿರುಗಿಸಿ ಥಟ್ಟನೆ ಬಿಟ್ಟು ನೋಡಿ. ಆರ್‌ಪಿಎಂ ಇಳಿಯುವಾಗ ಸದ್ದು ಎದ್ದು ಕೇಳಿದರೆ ಅನುಮಾನ ಗಟ್ಟಿಯಾಗುತ್ತದೆ. ಉದ್ದನೆಯ ಸ್ಕ್ರೂ ಡ್ರೈವರ್‌ನ ತುದಿಯನ್ನು ಚೈನ್ ಹಾದುಹೋಗುವ ಬದಿಯ ಬ್ಲಾಕ್‌ಗೆ (ಪಿಸ್ಟನ್ ಓಡಾಡುವ ಭಾಗ) ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಹಚ್ಚಿ ಕೇಳಿ. ಆಮೇಲೆ ಟ್ಯಾಪೆಟ್ ಕವರ್ ಮೇಲಿಟ್ಟು ಕೇಳಿ. ಎರಡರ ವ್ಯತ್ಯಾಸ ಹೊಸ ಹುಡುಗರಿಗೂ ಒಂದೇ ದಿನದಲ್ಲಿ ಗೊತ್ತಾಗುತ್ತದೆ.

ಹೋದ ಸುಗ್ಗಿಗೆ ಮುಂಚೆ ಕಾರಟಗಿ ಕಡೆಯ ರೈತರೊಬ್ಬರು ಸ್ಪ್ಲೆಂಡರ್ ತಂದರು.

“ಅಣ್ಣಾರ, ಮುಂಜಾನೆ ಚಾಲೂ ಮಾಡಿದ್ರ ಕರಕರ ಅಂತಿತ್ರಿ. ಒಂದು ಕಡೆ ತೋರಿಸಿದೆ, ಟ್ಯಾಪೆಟ್ ಬಿಗಿ ಮಾಡಿ ದಪ್ಪ ಆಯಿಲ್ ಹಾಕಿಕೊಟ್ರು. ಹದಿನೈದು ದಿನ ಸುಮ್ಮನಿತ್ತು. ಈಗ ದಿನಾಪೂರ್ತಿ ಅಂತೈತಿ.”

“ಆಯಿಲ್ ಹಾಕೋ ಮುಂದ ಹಳೇದು ಎಷ್ಟು ಇಳೀತು, ನೋಡಿದ್ರೇನ್ರಿ?”

“ಇಲ್ರಿ, ಅದನ್ನೇನು ನೋಡ್ಲಿಲ್ಲ.”

ಆ ಎಂಜಿನ್‌ನಲ್ಲಿ ಟೆನ್ಷನರ್ ಇರುವುದು ಕೆಳಗಡೆ, ಎಡಭಾಗದಲ್ಲಿ. ಸೀಲಿಂಗ್ ಬೋಲ್ಟ್ ಬಿಚ್ಚಿದರೆ ಮೊದಲು ಸ್ಪ್ರಿಂಗ್, ಹಿಂದೆಯೇ ಟೆನ್ಷನರ್ ತೋಳನ್ನು ತಳ್ಳುವ ಪುಷ್ ರಾಡ್ ಕೈಗೆ ಬರುತ್ತದೆ. ಸ್ಪ್ರಿಂಗ್ ತಳ್ಳುತ್ತದೆ, ರಾಡ್‌ನ ಸುತ್ತ ನಿಂತ ಎಣ್ಣೆ ಅದರ ಕುಣಿತ ತಡೆಯುತ್ತದೆ. ಎಣ್ಣೆ ಕಡಿಮೆಯಾದರೆ ರಾಡ್ ತನ್ನ ಜಾಗದಲ್ಲೇ ಮೇಲೆ ಕೆಳಗೆ ಬಡಿಯುತ್ತದೆ. ಅವರ ಗಾಡಿಯ ರಾಡ್ ತೆಗೆದಾಗ ಮೈಯಲ್ಲಿ ಉಗುರಿಗೆ ಸಿಗುವಷ್ಟು ಗೀರು, ತುದಿಯ ರಬ್ಬರ್ ಚಪ್ಪಟೆ. ಬಲಗಡೆಯ ಕವರ್ ಬಿಚ್ಚಿ ಎಣ್ಣೆ ಸೋಸುವ ಜಾಲರಿ ತೆಗೆದರೆ ಕರಿ ರಬ್ಬರ್ ಚೂರುಗಳು, ರೋಲರ್‌ನಿಂದ ಕಿತ್ತು ಬಂದವು. ಇಳಿಸಿದ ಎಣ್ಣೆಯನ್ನು ಬಿಸಿಲಿಗೆ ಹಿಡಿದಾಗ ಬೆಳ್ಳಿಯ ಪುಡಿಯಂತೆ ಅಲ್ಯೂಮಿನಿಯಂ ಹೊಳೆಯುತ್ತಿತ್ತು. ಚೈನ್ ಆಗಲೇ ತನ್ನ ಗೂಡಿನ ಗೋಡೆಯನ್ನು ಕೆರೆಯಲು ಶುರುಮಾಡಿತ್ತು. ಅವರ ಅದೃಷ್ಟಕ್ಕೆ ಚೈನ್ ಸ್ಪ್ರಾಕೆಟ್‌ನ (ಚೈನ್ ಕೂರುವ ಹಲ್ಲಿನ ಚಕ್ರ) ಹಲ್ಲು ಬಿಟ್ಟು ಹಾರಿರಲಿಲ್ಲ.

ದಪ್ಪ ಆಯಿಲ್ ಆ ಹದಿನೈದು ದಿನ ಸದ್ದನ್ನಷ್ಟೇ ಮುಚ್ಚಿತು. 10ಡಬ್ಲ್ಯೂ-30 ಎಂದು ಕಂಪನಿ ಹೇಳಿದ ಎಂಜಿನ್‌ಗೆ 20ಡಬ್ಲ್ಯೂ-50 ಸುರಿದರೆ ಮುಂಜಾನೆ ಎಣ್ಣೆ ಮೇಲಕ್ಕೆ ಏರುವುದು ತಡವಾಗುತ್ತದೆ, ಕ್ಯಾಮ್ ಅಷ್ಟು ಹೊತ್ತು ಒಣಗಿ ತಿರುಗುತ್ತದೆ. ಟ್ಯಾಪೆಟ್ ಅತಿಯಾಗಿ ಬಿಗಿ ಮಾಡಿದರೆ ವಾಲ್ವ್ ಪೂರ್ತಿ ಕೂರುವುದಿಲ್ಲ, ಎಗ್ಝಾಸ್ಟ್ ವಾಲ್ವ್ ಸುಡುತ್ತದೆ. ಸ್ಪ್ರಿಂಗ್ ಹಿಂದೆ ವಾಷರ್ ಇಡುವುದು, ಸ್ಪ್ರಿಂಗ್ ಎಳೆದು ಉದ್ದ ಮಾಡುವುದು ನಮ್ಮ ಕಡೆ ಇನ್ನೂ ನಡೆಯುತ್ತಿದೆ. ಒತ್ತಡ ಹೆಚ್ಚಾಗಿ ಸದ್ದು ನಿಲ್ಲುತ್ತದೆ, ಪಟ್ಟಿ ಮತ್ತು ರೋಲರ್ ಬೇಗ ಸವೆಯುತ್ತವೆ. ದುಡಿಮೆಯ ದುಡ್ಡು ಕೊಡುವವನಿಗೆ ಇಂಥ ಕೆಲಸ ಮಾಡಿಕೊಡಬಾರದು.

ಈಗಿನ ಹಲವು ಗಾಡಿಗಳಲ್ಲಿ ಟೆನ್ಷನರ್ ಬ್ಲಾಕ್‌ನ ಹಿಂಭಾಗದಲ್ಲಿ, ಕಾರ್ಬೊರೇಟರ್ ಅಥವಾ ಹೊಸ ಗಾಡಿಗಳಲ್ಲಿ ಅದರ ಜಾಗದ ಥ್ರಾಟಲ್ ಬಾಡಿ ಕೆಳಗೆ, ಎರಡು ಸಣ್ಣ ಬೋಲ್ಟ್‌ಗಳ ಮೇಲೆ ಕೂತಿರುತ್ತದೆ. ಒಳಗೆ ಸುರುಳಿ ಸ್ಪ್ರಿಂಗ್ ಇದ್ದು ಸ್ಕ್ರೂ ತಿರುಗಿ ಮುಂದೆ ಬರುವ ಬಗೆ ಒಂದು, ಹಲ್ಲಿನ ರ‍್ಯಾಚೆಟ್ ಇರುವುದು ಇನ್ನೊಂದು. ಇವು ಮುಂದೆ ಬರುತ್ತವೆ, ತಾವಾಗಿ ಹಿಂದೆ ಹೋಗಬಾರದು. ಬಿಚ್ಚಿದ ಟೆನ್ಷನರ್‌ನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ. ಒಳಗೆ ಸರಿದರೆ ಅದು ಸತ್ತಿದೆ. ಸ್ಕ್ರೂ ಬಗೆಯದಾದರೆ ಹಿಂದಿನ ಬೋಲ್ಟ್ ತೆಗೆದು, ಸಣ್ಣ ಸ್ಕ್ರೂ ಡ್ರೈವರ್‌ನಿಂದ ಒಳಕ್ಕೆ ಸುತ್ತಿ ಬಿಡಿ. ತಟ್ಟನೆ ಚಿಮ್ಮಿ ಹೊರಬರಬೇಕು. ತಡೆ ತಡೆದು ಬಂದರೆ ಅದನ್ನೂ ನಂಬಬೇಡಿ. ಎರಡೂ ಸರಿಯಿದ್ದು, ಬಿಚ್ಚುವಾಗಲೇ ತುದಿ ಪೂರ್ತಿ ಚಾಚಿಕೊಂಡಿದ್ದರೆ ಸವೆದಿರುವುದು ಚೈನ್, ಇಲ್ಲವೇ ಪಟ್ಟಿ.

ಬಿಚ್ಚುವ ಮುಂಚೆ ಮಾಡಬೇಕಾದ್ದನ್ನು ಬಹಳ ಜನ ಮರೆಯುತ್ತಾರೆ. ಕ್ರ್ಯಾಂಕ್ ತುದಿಯ ಮ್ಯಾಗ್ನೆಟ್ ಚಕ್ರದ ಮೇಲಿನ ‘ಟಿ’ ಗುರುತನ್ನು ಕೇಸ್‌ನ ಗುರುತಿಗೆ ತಂದು, ಪಿಸ್ಟನ್ ಕಂಪ್ರೆಷನ್‌ನಲ್ಲಿ ಮೇಲಿದೆ, ಎರಡೂ ಟ್ಯಾಪೆಟ್ ಸಡಿಲಿವೆ ಎಂದು ಖಾತ್ರಿ ಮಾಡಿಕೊಳ್ಳಬೇಕು. ಟೆನ್ಷನರ್ ಹೊರಗಿದ್ದಾಗ ಕಿಕ್ ಹೊಡೆಯಬಾರದು, ಕ್ರ್ಯಾಂಕನ್ನು ಉಲ್ಟಾ ತಿರುಗಿಸಬಾರದು. ಚೈನ್ ಹಲ್ಲು ಹಾರುವುದು ಆಗಲೇ. ಕ್ಯಾಮ್ ಸ್ಪ್ರಾಕೆಟ್‌ನಲ್ಲಿ 28 ಹಲ್ಲಿದ್ದರೆ ಒಂದು ಹಲ್ಲು ತಪ್ಪಿದರೂ ಕ್ಯಾಮ್ ಸುಮಾರು 13 ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ ಸುಮಾರು 26 ಡಿಗ್ರಿ ಆಚೀಚೆ ಆಗುತ್ತದೆ. ಗಾಡಿ ಚಾಲೂ ಆಗಬಹುದು, ಆದರೆ ಎಳೆಯುವುದಿಲ್ಲ, ಬಿಸಿಯಾಗುತ್ತದೆ, ಪೆಟ್ರೋಲ್ ಕುಡಿಯುತ್ತದೆ. ಸ್ಪ್ರಾಕೆಟ್ ತೆಗೆಯುವುದಿದ್ದರೆ ಚೈನನ್ನು ತಂತಿಯಿಂದ ಕಟ್ಟಿ, ಗೂಡಿನ ಬಾಯಿಗೆ ಬಟ್ಟೆ ತುರುಕಿ. ಒಂದು ಬೋಲ್ಟ್ ಒಳಗೆ ಬಿದ್ದರೆ ಇಡೀ ದಿನ ಹೋಗುತ್ತದೆ.

ಕೂರಿಸುವಾಗ ಟೆನ್ಷನರ್‌ನ ತುದಿ ಪೂರ್ತಿ ಒಳಗಿರಬೇಕು. ಚಾಚಿಕೊಂಡ ಟೆನ್ಷನರನ್ನೇ ಇಟ್ಟು ಎರಡು ಬೋಲ್ಟ್‌ಗಳಿಂದ ಎಳೆದು ಕೂರಿಸಿದರೆ ಚೈನ್ ತಂತಿಯಂತೆ ಬಿಗಿದು ಪಟ್ಟಿ ಮುರಿಯುತ್ತದೆ, ಇಲ್ಲವೇ ಟೆನ್ಷನರ್‌ನ ಕಿವಿಯೇ ಸೀಳುತ್ತದೆ. ಹೊಸ ಗ್ಯಾಸ್ಕೆಟ್ ಹಾಕಿ, ಬೋಲ್ಟ್ ಕೂರಿಸಿ, ಆಮೇಲೆ ಸ್ಕ್ರೂ ಬಿಡಬೇಕು. 6 ಎಂಎಂ ಬೋಲ್ಟ್‌ಗೆ 10 ನ್ಯೂಟನ್ ಮೀಟರ್ ಆಸುಪಾಸು ಸಾಕು. ಅಲ್ಯೂಮಿನಿಯಂ ಬ್ಲಾಕ್‌ನ ಮರೆ (ಬೋಲ್ಟ್ ಕಚ್ಚುವ ಸುರುಳಿ ಗೀರು) ಹೋದರೆ ಮತ್ತೊಂದು ಖರ್ಚು. ಕೈಯಿಂದ ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತುಗಳು ಮತ್ತೆ ಕೂಡಿದವೋ ಇಲ್ಲವೋ ನೋಡಿಯೇ ಸ್ಟಾರ್ಟ್ ಮಾಡಬೇಕು. ‘ಟಿ’ ಗುರುತು ಸರಿಯಿದ್ದೂ ಕ್ಯಾಮ್ ಗುರುತು ಕೂದಲೆಳೆಯಷ್ಟು ಹಿಂದುಳಿದರೆ ಚೈನ್ ಉದ್ದವಾಗಿದೆ. ಅಂಥಲ್ಲಿ ಚೈನ್, ಎರಡೂ ಸ್ಪ್ರಾಕೆಟ್, ಪಟ್ಟಿ ಎಲ್ಲವನ್ನೂ ಒಟ್ಟಿಗೆ ಹಾಕಿ ಎನ್ನುತ್ತೇನೆ. ಸವೆದ ಹಲ್ಲಿನ ಮೇಲೆ ಹೊಸ ಚೈನ್ ಬೇಗ ಹಾಳಾಗುತ್ತದೆ. ಕೈಯಿಂದ ಬಿಗಿ ಮಾಡುವ ಮ್ಯಾನುಯಲ್ ಟೆನ್ಷನರ್ ಹಾಕಿಕೊಡಿ ಎಂದು ಕೇಳುವವರೂ ಇದ್ದಾರೆ. ನಮ್ಮ ಕಡೆಯ ಓಡಾಟಕ್ಕೆ ಅದು ಬೇಡ. ಆಗಾಗ ನೋಡಿ ಹೊಂದಿಸುವ ವ್ಯವಧಾನ ಯಾರಿಗಿದೆ?

ಇಲ್ಲಿ ಟೆನ್ಷನರ್ ಬೇಗ ಸೋಲುವುದಕ್ಕೆ ಕಾರಣ ಹೆಚ್ಚಾಗಿ ನಮ್ಮ ದಿನಚರಿಯಲ್ಲೇ ಇದೆ. ಕಾಲುವೆ ದಂಡೆಯ ಮೇಲೆ ಗೊಬ್ಬರದ ಚೀಲ, ಔಷಧಿ ಪಂಪು ಹೇರಿಕೊಂಡು ಟಾಪ್ ಗೇರ್‌ನಲ್ಲೇ ನಿಧಾನಕ್ಕೆ ಎಳೆಸುತ್ತೇವೆ. ಕಡಿಮೆ ಆರ್‌ಪಿಎಂನಲ್ಲಿ ಲೋಡ್ ಬಿದ್ದಾಗ ಕ್ರ್ಯಾಂಕ್ ಒಂದೇ ಸಮನೆ ತಿರುಗದೆ ಜಗ್ಗಿ ಜಗ್ಗಿ ತಿರುಗುತ್ತದೆ. ಆ ಪ್ರತಿ ಜಗ್ಗು ಚೈನ್ ಮತ್ತು ಟೆನ್ಷನರ್ ಮೇಲೆ ಬೀಳುತ್ತದೆ. ಒಂದು ಗೇರ್ ಇಳಿಸಿದರೆ ಮೈಲೇಜ್ ಹೋಗುತ್ತದೆ ಎಂಬ ಭಯ ಬೇಡ. ಬೇಸಿಗೆಯಲ್ಲಿ ರಾಯಚೂರು, ಬಳ್ಳಾರಿಯಲ್ಲಿ 40 ಡಿಗ್ರಿ ದಾಟಿದ ಬಿಸಿಲು, ಸಂಡೂರು-ತೋರಣಗಲ್ಲು ರಸ್ತೆಯ ಅದಿರಿನ ಧೂಳು, ಇಲ್ಲಿ ರೈಸ್ ಮಿಲ್‌ಗಳ ಹೊಟ್ಟಿನ ಧೂಳು. ಏರ್ ಫಿಲ್ಟರ್ ಹರಿದಿದ್ದರೆ ಇವು ಎಣ್ಣೆಗೆ ಸೇರಿ ಚೈನ್‌ನ ಪಿನ್‌ಗಳನ್ನು ತಿಕ್ಕುತ್ತವೆ. ಸ್ಪ್ಲೆಂಡರ್‌ನಂಥ ಎಂಜಿನ್‌ನಲ್ಲಿ ಕಾಗದದ ಆಯಿಲ್ ಫಿಲ್ಟರ್ ಇಲ್ಲ. ಒಂದು ಜಾಲರಿ, ಕ್ರ್ಯಾಂಕ್ ತುದಿಯಲ್ಲಿ ತಿರುಗುತ್ತ ಕಸರು ಹಿಡಿಯುವ ಸೆಂಟ್ರಿಫ್ಯೂಗಲ್ ಫಿಲ್ಟರ್, ಅಷ್ಟೇ. ಬಲಗಡೆಯ ಕವರ್ ಬಿಚ್ಚದೆ ಅದನ್ನು ತೊಳೆಯಲಾಗದು, ಹಾಗಾಗಿ ಯಾರೂ ಬಿಚ್ಚುವುದಿಲ್ಲ. ನಾನು ಬಿಚ್ಚಿದಾಗ ಅದರೊಳಗೆ ಗಟ್ಟಿ ಕರಿ ಮಣ್ಣಿನಂಥ ಪದರ ಸಿಗುತ್ತದೆ. ಇಂಥ ಎಂಜಿನ್ ಹಿಡಿಯುವುದೇ ಒಂದು ಲೀಟರ್ ಆಸುಪಾಸು ಎಣ್ಣೆ. ಅದರಲ್ಲಿ ಕಾಲು ಲೀಟರ್ ಕಡಿಮೆಯಾದರೂ ದೊಡ್ಡ ಮಾತು. ಡಿಪ್‌ಸ್ಟಿಕ್ ನೋಡಲು ದುಡ್ಡು ಬೇಕಿಲ್ಲ. ವಾರಕ್ಕೊಮ್ಮೆ, ಗಾಡಿ ಮೇನ್ ಸ್ಟ್ಯಾಂಡ್ ಮೇಲೆ ನೆಟ್ಟಗೆ ನಿಲ್ಲಿಸಿ ನೋಡಿ.

ಸದ್ದಿನ ತಪಾಸಣೆಗೆ ಬರುವವರು ಹಿಂದಿನ ರಾತ್ರಿಯೇ ಗಾಡಿ ಬಿಟ್ಟುಹೋಗಬೇಕು. ಹತ್ತು ಕಿಲೋಮೀಟರ್ ಓಡಿಸಿಕೊಂಡು ಬಂದ ಬಿಸಿ ಎಂಜಿನ್‌ನಲ್ಲಿ ಆ ಮುಂಜಾನೆಯ ಸದ್ದು ಸಿಗುವುದಿಲ್ಲ.

ಓಡುತ್ತಿದ್ದ ಗಾಡಿ ಥಟ್ಟನೆ ಆಫ್ ಆಗಿ, ಕಿಕ್ ಒತ್ತಿದರೆ ತಡೆಯೇ ಇಲ್ಲದೆ ಕೆಳಗೆ ಹೋದರೆ ಅಲ್ಲಿಗೇ ನಿಲ್ಲಿಸಿ. ಮತ್ತೆ ಕಿಕ್ ಬೇಡ, ಸೆಲ್ಫ್ ಬೇಡ, ಗೇರ್‌ನಲ್ಲಿಟ್ಟು ತಳ್ಳುವುದಂತೂ ಬೇಡವೇ ಬೇಡ. ಉಳಿದಿರುವ ವಾಲ್ವೂ ಬಾಗುತ್ತದೆ. ನ್ಯೂಟ್ರಲ್ ಮಾಡಿ ಟಂಟಂಗೆ (ಸರಕಿನ ಆಟೊ) ಹಾಕಿಸಿ. ಗ್ಯಾರೇಜಿನಲ್ಲಿ ಮೊದಲು ಟೈಮಿಂಗ್ ಗುರುತು ನೋಡಿಸಿ, ನಂತರ ಹೆಡ್ ಬಿಚ್ಚಿಸಿ. ಹೆಡ್‌ನ ಪೋರ್ಟ್ (ಗಾಳಿ ಬರುವ, ಹೊಗೆ ಹೋಗುವ ದಾರಿ) ಬಾಯಿ ಮೇಲೆ ಬರುವಂತೆ ಹಿಡಿದು ಅದಕ್ಕೆ ಪೆಟ್ರೋಲ್ ಸುರಿದರೆ ಯಾವ ವಾಲ್ವ್‌ನ ಅಂಚಿನಿಂದ ಜಿನುಗುತ್ತದೆ ಎಂದು ನಿಮ್ಮ ಕಣ್ಣಿಗೇ ಕಾಣುತ್ತದೆ. ಆ ವಾಲ್ವ್ ತೆಗೆದು ಗಾಜಿನ ಮೇಲೆ ಉರುಳಿಸಿ ನೋಡುತ್ತೇವೆ: ಬಾಗಿದ್ದರೆ ಹೊಸದು, ನೆಟ್ಟಗಿದ್ದರೆ ಲ್ಯಾಪಿಂಗ್ ಮಾಡಿ (ಪೇಸ್ಟ್ ಹಚ್ಚಿ ಅಂಚು ತಿಕ್ಕಿ ಕೂರಿಸಿ) ಅದನ್ನೇ ಹಾಕಬಹುದು.